ಕೆದಾರ್

ಮೊದಲ ವಾರ ಬ್ರೆಡ್ಡಿನಂಗಡಿಯವಳು ಕೈಯಾಡಿಸಿ ಅಂದಳು:
ನೋ ಕೇದ.
ಖಾಲಿ ಬುಟ್ಟಿಯ ತಳದಲ್ಲಿ ಎಳ್ಳಿನ ಎರಡು ಕಾಳು.
'ಉಳಿದಿಲ್ಲ' ಎಂದು ಬಸ್ ಚೀಟಿಯ ಬೆನ್ನಿಗೆ ಬರೆದುಕೊಂಡೆ.
ಹಸಿದಿದ್ದರೂ ಒಂದು ಪದ ಗೆದ್ದೆ ಅನ್ನಿಸಿತು.

ಕೆದಾರ್.
ನಾನು ಹುಟ್ಟಿದ ಊರು ನ್ದಾರ್, ಸೆನೆಗಾಲ್ ನದಿ ಕಡಲು ಸೇರುವಲ್ಲಿ.
ನನ್ನ ಕಸುಬು ದಾರ.
ಬಾಲ ಒಂದೇ ಆದಮೇಲೆ
ಬೇಗ ಪಳಗೀತು ಈ ಪ್ರಾಣಿ ಅಂದುಕೊಂಡೆ.

ಮರುದಿನವೇ ಕೈಕೊಟ್ಟಿತು.
ಸರಗೋಸಾ, ದೆಲಿಸಿಯಾಸ್ ಬಡಾವಣೆ, ಬಟ್ಟೆ ರಿಪೇರಿ ಅಂಗಡಿ,
ಗಾಜಿನಲ್ಲಿ ಮೊಳದುದ್ದ ಬಿರುಕು.
ಒಡತಿ ದೋನ್ಯಾ ಪ್ರಾಕ್ಸೆದೆಸ್, ತುಟಿಯಲ್ಲಿ ನಾಲ್ಕು ಗುಂಡುಸೂಜಿ.
ಗಿರಾಕಿಯೊಬ್ಬಳು ಕನ್ನಡಿ ಮುಂದೆ ಸ್ಕರ್ಟು ತಿರುಗಿಸುತ್ತ
'ಹೇಗೆ ಉಳಿಯುತ್ತೆ ನನಗೆ?' ಎಂದಳು.
ನಾನು ಟೇಪು ಹಿಡಿದು, ಅಂಚು ಅಳೆದು,
'ಒಂದು ಗೇಣು ಉಳಿಯುತ್ತೆ' ಎಂದೆ.
ಪ್ರಾಕ್ಸೆದೆಸ್ ನಕ್ಕ ನಗೆಗೆ ಸೂಜಿಗಳೆಲ್ಲ ನೆಲಕ್ಕೆ.
ಒಪ್ಪುತ್ತದೆಯೇ ಅಂತ ಕೇಳಿದ್ದಂತೆ ಪಾಪ, ಅವಳು.

ಆಮೇಲೆ ಎಲ್ಲಿ ನೋಡಿದರೂ ಅದೇ.
ಸ್ಟೇಷನ್ ಎಲ್ಲಿ ಉಳಿದಿದೆ ಎಂದು ಕೇಳಬೇಕು ಇಲ್ಲಿ,
ರೈಲುಗಳೆಲ್ಲ ಹೋದಮೇಲೂ ಅದು ಅಲ್ಲೇ ಇರುವುದರಿಂದ ಇರಬೇಕು.
ಎದುರುಮನೆಯ ಎಮೆತೇರಿಯೊ ಬೋಳು ಉಳಿದ:
ಹೋದದ್ದು ಕೂದಲು, ಉಳಿದದ್ದು ಅವನು, ಲೆಕ್ಕ ಸರಿಯೇ.
ಅವನ ಮೊಮ್ಮಗಳು ನಮ್ಮ ಬಟ್ಟೆ ಗಂಟಿನ ಮೇಲೆ ನಿದ್ದೆ ಉಳಿದಳು.
ಕೆದರಿದಷ್ಟೂ ಉಳಿಯುವ ಪದ.
ಪೊಲೀಸ್ ಕಚೇರಿಯ ಕಿಂಡಿಯೊಳಗಿಂದ ಒಂದು ದನಿ,
'ಮೂವತ್ತು ದಿನ ಉಳಿದಿವೆ ನಿಮಗೆ.'
ಇದೊಂದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಜನವರಿ. ಬೀದಿಯಲ್ಲಿ ಸಿಯೆರ್ಸೊ ಗಾಳಿ
ನಾಯಿಗಳನ್ನೂ ಗೋಡೆಗೆ ಒತ್ತುತ್ತಿತ್ತು. ಗಿರಾಕಿಗಳಿಲ್ಲ.
ಕಂಬಿಯ ತುದಿಯಲ್ಲಿ ಕಂದು ಕೋಟು, ಅಂಕಿ ಮಾಸಿದ ರಸೀದಿ.
'ಇದು ಯಾರದು?'
ಪ್ರಾಕ್ಸೆದೆಸ್ ಇಸ್ತ್ರಿಪೆಟ್ಟಿಗೆ ನಿಲ್ಲಿಸಲಿಲ್ಲ.
'ಐದು ಗಂಟೆಗೆ ಅವನೊಡನೆ ಉಳಿದೆ. ಉಳಿದೇಬಿಟ್ಟೆ.'

ಅಸ್ತರು ಬಿಚ್ಚುವ ಹಾಗೆ ಬಿಚ್ಚಿ ನೋಡಬೇಕಾಯಿತು ನಾನು:
ಮೊದಲನೆಯದು ಭೇಟಿಗೆ ಹೊತ್ತು ಗೊತ್ತುಮಾಡುವುದು,
ಎರಡನೆಯದು ನಿಂತಲ್ಲೇ ನಿಂತುಹೋಗುವುದು.
ಎರಡರ ನಡುವೆ ಒಂದು ಕಾಜದಷ್ಟು ಸೀಳು,
ಅದರಲ್ಲೇ ನುಸುಳಿ ಹೋಗಿದ್ದ
ಹೊಸ ಗುಂಡಿ ಹಾಕಿಸಲು ಕೋಟು ಕೊಟ್ಟವನು.

'ಹಾಕಿಕೋ ನೋಡೋಣ, ಯೋರೊ.'
ಭುಜ ಜೋಲಿತು, ತೋಳಿನೊಳಗೆ ಬೆರಳೆಲ್ಲ ಮಾಯ.
'ದೊಡ್ಡದು ಉಳಿಯುತ್ತೆ.'
ಮೂರು ಸಂಜೆ ಕೂತು ಬಗಲು ಬಿಚ್ಚಿದೆ, ಬೆನ್ನು ಹಿಡಿದೆ,
ಸೀಮೆಸುಣ್ಣದ ಗೆರೆಯ ಮೇಲೆ ಮತ್ತೆ ಹೊಲಿದೆ.
ಅವಳು ಸುತ್ತ ನಡೆದು, ಕಾಲರಿನ ನೂಲು ಹೆಕ್ಕಿ,
'ಈಗ ಉಳಿಯಿತು' ಎಂದಳು. ಸ್ವಲ್ಪ ಹೊತ್ತು ಬಿಟ್ಟು,
ಬೇರೆಲ್ಲೋ ನೋಡುತ್ತ, 'ಉಳಿಸಿಕೋ.'

ಪಕ್ಕದಿಂದ ತೆಗೆದ ಬಟ್ಟೆ, ಎರಡು ಬೆರಳಗಲದ್ದು,
ಕತ್ತರಿ ಹತ್ತಿರ ಬಿದ್ದಿತ್ತು.
ಮಡಚಿ ಗುಂಡಿಗಳ ಬಿಸ್ಕತ್ತು ಡಬ್ಬಿಗೆ ಹಾಕಿದಳು.
ಅದಕ್ಕೆ ಏನೆನ್ನುತ್ತಾರೆ ಎಂದು ನಾನು ಕೇಳಲಿಲ್ಲ.

ಶಟರು ಎಳೆಯುವಾಗ ದಿನವೂ ಕೇಳುತ್ತಾಳೆ,
ಎನ್ ಕೆ ಕೆದಾಮೊಸ್?
ಏನೆಂದು ಉಳಿದೆವು ನಾವು, ಅಂದರೆ ಏನು ತೀರ್ಮಾನ?
ನಿನ್ನೆಗೂ ಇವತ್ತಿಗೂ ಈ ರೂಪ ಒಂದೇ,
ಪುಸ್ತಕದಲ್ಲಿ ಹುಡುಕಿದ್ದೇನೆ.
ಹೊಸ ಜೇಬಿನೊಳಗಿನ ಕಾಗದದ ಪ್ರಕಾರ ಇನ್ನು ಹನ್ನೊಂದು ದಿನ.
'ಒಂಬತ್ತಕ್ಕೆ' ಎಂದೆ.
'ಎಂಟೂವರೆಗೆ ಬಾ' ಎಂದಳು, 'ಮದುವೆ ಬಟ್ಟೆ ಇದೆ.'